ಕೊಯ್ದ ನಿಂಬೆಹಣ್ಣು

ಬಸವನಗುಡಿಯ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿಗೆ, ಎಂಬತ್ತೈದನೇ ಇಸವಿಯಲ್ಲಿ ರಿಟೈರಾದ ಬೈರಯ್ಯನ ಜಾಗಕ್ಕೆ ಅಟೆಂಡರ್ ಆಗಿ ಬಂದವಳು ನರಸಮ್ಮ. ಅಲ್ಲಿದ್ದ ಗಾಜಿನ ತೊಟ್ಟಿಯೆಂದರೆ ಅವಳಿಗೆ ಮೊದಲಿನಿಂದಲೂ ಅಳುಕು. ಸಮುದ್ರವೇ ಇಲ್ಲದ ಊರಲ್ಲಿ ಉಪ್ಪುನೀರು, ಅದರೊಳಗೆ ಉಸಿರಾಡುವ ಹವಳ, ಬಣ್ಣದ ಮೀನು, ಹಗಲೂ ರಾತ್ರಿ ಗುರ್ ಎನ್ನುವ ಪಂಪು. ಅದು ಸಾಲದೆಂಬಂತೆ, ಪ್ರತಿ ಸೋಮವಾರ ಕಸ ಗುಡಿಸಲು ಬಂದರೆ ತೊಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಎರಡು ಹೋಳು ಮಾಡಿದ ನಿಂಬೆಹಣ್ಣು!

ಇದು ಮಾಟವಲ್ಲದೆ ಇನ್ನೇನು? ಯಾರಿಗೆ ಮಾಡಿಸಿದ್ದಾರೋ, ಲ್ಯಾಬಿನ ಮೇಷ್ಟ್ರಿಗೋ, ತನಗೋ? ಬಾಯಿಬಿಟ್ಟರೆ ತನಗೇ ತಟ್ಟೀತೆಂದು ಹೆದರಿ, ಕೈ ಸೋಕಿಸದೆ ಪೊರಕೆಯಿಂದ ಮೊರಕ್ಕೆ ತಳ್ಳಿ, ಮೂರು ದಾರಿ ಕೂಡುವಲ್ಲಿ ಎಸೆದು, ಹಿಂತಿರುಗಿ ನೋಡದೆ ಬರುತ್ತಿದ್ದಳು.

ಎಂಟನೆಯ ಸೋಮವಾರ ಲ್ಯಾಬಿನಲ್ಲಿ ಸದ್ದೇ ಇರಲಿಲ್ಲ. ಪಂಪು ನಿಂತುಹೋಗಿತ್ತು. ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮಾಟ ತಟ್ಟೇಬಿಟ್ಟಿತ್ತು.

ಅವಳ ಕೂಗಿಗೆ ಓಡಿಬಂದ ಮೇಷ್ಟ್ರು ಪಂಪು ಬಿಚ್ಚಿದರು. ಒಳಗಿನ ಚಕ್ರದ ಸುತ್ತ ಬೆಳ್ಳಗೆ ಸುಣ್ಣ ಕಟ್ಟಿ ಕಲ್ಲಾಗಿತ್ತು.

"ಏನ್ ನರಸಮ್ಮ ಇದು? ವಾರವಾರ ಪಂಪನ್ನ ನಿಂಬೆರಸದಲ್ಲಿ ನೆನೆಸಿ ತೊಳೆದ್ರೆ ಸುಣ್ಣ ಕಟ್ಟಲ್ಲ ಅಂತ ಬೈರಯ್ಯ ಹೇಳ್ಕೊಡ್ಲಿಲ್ವಾ? ಅದಕ್ಕೇ ತಾನೇ ನಾನು ಸೋಮವಾರ ಸೋಮವಾರ ಹಣ್ಣು ಕೊಯ್ದಿಟ್ಟು ಕ್ಲಾಸಿಗೆ ಹೋಗ್ತಿದ್ದಿದ್ದು! ಏನ್ ಮಾಡಿದ್ರಿ ಅದನ್ನ?"

ನರಸಮ್ಮ ತೇಲುತ್ತಿದ್ದ ಮೀನುಗಳನ್ನೇ ನೋಡಿದಳು.

"ಮಾಟ ಮಾಡ್ದೋಳು ನಾನೇ ಸಾರ್," ಎಂದಳು.