ಚಿಂತೆಗೆ ಕಾಲು ಗಂಟೆ

ವಾಚ್ ರಿಪೇರಿಯವನಿಗೆ ಬೀದಿಯವರು ಇಟ್ಟ ಹೆಸರು ಏನಾದ್ರಪ್ಪ. ಯಾರೇನು ಹೇಳಿದರೂ 'ಅಲ್ಲಾ, ಏನಾದ್ರೂ ಆದ್ರೆ?' ಅನ್ನುವುದು ಅವನ ಅಭ್ಯಾಸ. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿದಾಗ ಅವನ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ತಲೆಯ ಮಾತು ಬೇರೆ. ಗಿರಾಕಿ ವಾಚು ಕಟ್ಟಿಕೊಂಡು ಮೆಟ್ಟಿಲಿಳಿಯುವಷ್ಟರಲ್ಲಿ ಆ ತಲೆಯೊಳಗೆ ವಾಚು ನಿಂತು, ಗಿರಾಕಿಗೆ ರೈಲು ತಪ್ಪಿ, ಕೆಲಸ ಹೋಗಿ, ಹೆಂಡತಿ ತವರಿಗೆ ಹೊರಟುಬಿಟ್ಟಿರುತ್ತಿದ್ದಳು. ಇಷ್ಟಕ್ಕೆಲ್ಲ ಅರ್ಧ ನಿಮಿಷ ಸಾಕಾಗುತ್ತಿತ್ತು.

ಉಪಾಯಗಳಿಗೇನೂ ಬರವಿರಲಿಲ್ಲ. ಉಸಿರು ಎಣಿಸಿ ನೋಡಿದ. ಹನ್ನೆರಡಾಯಿತೋ ಹದಿಮೂರಾಯಿತೋ ಎಂಬುದೇ ಹೊಸ ಚಿಂತೆಯಾಯಿತು. ಬೆಳಗ್ಗೆ ವಾಕಿಂಗ್ ಹೋದ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಓಡಿ ಬಂದ. ಹೆಂಡತಿ ಅದೇ ಗ್ಯಾಸಿನ ಮುಂದೆ ನಿಂತು ಹಾಲು ಕಾಯಿಸುತ್ತಿದ್ದಳು.

"ವ್ಯಾಯಾಮ ಅಂತೂ ಆಯ್ತಲ್ಲ, ಬಿಡಿ" ಅಂದಳು.

ಕೊನೆಗೆ ದಾರಿ ತೋರಿಸಿದವನು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವಳ ತಮ್ಮ.

"ಭಾವ, ಬೇಡ ಅಂದ್ರೆ ಚಿಂತೆ ಬಿಡಲ್ಲ. ಅದಕ್ಕೊಂದು ಹೊತ್ತು ಗೊತ್ತುಮಾಡಿ. ದಿನಾ ನಾಲ್ಕೂವರೆಯಿಂದ ಕಾಲು ಗಂಟೆ. ಮಧ್ಯೆ ಬಂದ್ರೆ ಚೀಟೀಲಿ ಬರೆದಿಟ್ಟು, ಸಾಯಂಕಾಲ ಬಾ ಅಂತ ಕಳಿಸಿ."

"ಸಾಯಂಕಾಲ ಬರದೇ ಇದ್ರೆ?"

"ಭಾವ!"

ಮರುದಿನವೇ ಶುರುವಾಯಿತು. 'ಸಾಯಂಕಾಲ ಬನ್ನಿ' ಅನ್ನುವುದು ಅವನಿಗೆ ಕಷ್ಟವಾಗಲಿಲ್ಲ. ಮೂವತ್ತು ವರ್ಷದಿಂದ ಗಿರಾಕಿಗಳಿಗೂ ಅದನ್ನೇ ಹೇಳಿಕೊಂಡು ಬಂದಿದ್ದ. ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ನಾಲ್ಕೂವರೆಗೆ ಬಾಗಿಲು ಮುಂದೆ ಮಾಡಿ, ಒಂಬತ್ತು ಚೀಟಿ ಹಿಡಿದು ಒಳಗೆ ಬಂದು ಕುಳಿತ. ಮೊದಲನೆಯದು: 'ಎದುರು ಮನೆಯಾಕೆ ನನ್ನ ನೋಡಿ ಮುಖ ಊದಿಸಿಕೊಂಡರು.' ಹಲ್ಲು ಕೀಳಿಸಿಕೊಂಡು ಬಂದಿದ್ದರೆಂದು ಮಧ್ಯಾಹ್ನವೇ ತಿಳಿದಿತ್ತು. ಎರಡನೆಯದು: 'ಎಡಗೈ ಜೋಮು. ಹಾರ್ಟೇ?' ಮಧ್ಯಾಹ್ನ ಅದೇ ಕೈ ಮೇಲೆ ತಲೆಯಿಟ್ಟು ಒರಗಿದ್ದ; ತಲೆ ಎತ್ತಿದಾಗ ಜೋಮೂ ಹೋಗಿತ್ತು. ಮೂರನೆಯದರ ಅಕ್ಷರ ಅವನಿಗೇ ತಿಳಿಯಲಿಲ್ಲ. ಉಳಿದವೂ ಅಂಥವೇ. ಐದು ನಿಮಿಷಕ್ಕೆ ಸರಕು ಮುಗಿದು, ಅರ್ಜಿದಾರರೇ ಬಾರದ ಅಧಿಕಾರಿಯ ಹಾಗೆ ಪೆಚ್ಚಾಗಿ ಕುಳಿತ.

ಹೆಂಡತಿ ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದಿದ್ದಳು.

"ಏನೇ, ಇನ್ನೂ ಹತ್ತು ನಿಮಿಷ ಇದೆ. ನಿಂದೇನಾದ್ರೂ ಇದ್ರೆ ಹೇಳು" ಎಂದ, ತಮಾಷೆಗೆ.

ಯಂತ್ರ ನಿಂತಿತು. "ಇದೆ."

ಅವನು ಚೀಟಿ ಕೆಳಗಿಟ್ಟ.

"ಸೂಜಿಗೆ ದಾರ ಪೋಣಿಸೋಕೆ ಆಗ್ತಿಲ್ಲ ರೀ. ಬಲಗಣ್ಣಿಗೆ ಎಲ್ಲಾ ಮಂಜು ಮಂಜು. ಮೂರು ತಿಂಗಳಾಯ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ನಿಮಗಾ? ಹೇಳಿದ್ರೆ ಕಣ್ಣಿನ ಜೊತೆಗೆ ನಿಮ್ಮನ್ನೂ ನೋಡ್ಕೋಬೇಕಿತ್ತು."

ಅವನಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮನೆಯ ಚಿಂತೆಯ ಗುತ್ತಿಗೆಯನ್ನೆಲ್ಲ ತಾನೊಬ್ಬನೇ ಹಿಡಿದು, ಅವಳಿಗೆ ಗೇಣು ಜಾಗವನ್ನೂ ಬಿಟ್ಟಿರಲಿಲ್ಲ. ಇನ್ನೇನು ತಲೆ ಓಟ ಕೀಳುತ್ತದೆ ಎಂದು ಹೆದರಿ ಕಾದ. ಕೀಳಲಿಲ್ಲ. ಎದುರಿಗೆ ನಿಜವಾದ ತೊಂದರೆಯೇ ಕೂತಿರುವಾಗ ಇಲ್ಲದ್ದನ್ನು ಹುಟ್ಟಿಸಲು ಅದಕ್ಕೆ ಪುರುಸೊತ್ತಾಗಲಿಲ್ಲವೋ ಏನೋ. ಅವಳನ್ನು ಕಿಟಕಿಯ ಬಳಿ ಕೂರಿಸಿ, ವಾಚು ನೋಡುವ ಭೂತಗನ್ನಡಿಯಲ್ಲಿ ಕಣ್ಣು ನೋಡಿದ. ಪಾಪೆಯ ಮೇಲೆ ಬೂದು ಬಣ್ಣ. ಭಾವಮೈದುನನಿಗೆ ಫೋನ್ ಮಾಡಿ ಮರುದಿನ ಹತ್ತಕ್ಕೆ ಡಾಕ್ಟರನ್ನು ಗೊತ್ತುಮಾಡಿದ. ಆಮೇಲೆ ಕೂತು, ಹತ್ತು ಸೂಜಿಗಳಿಗೆ ಹತ್ತು ಬಣ್ಣದ ದಾರ ಪೋಣಿಸಿಟ್ಟ.

ಡಾಕ್ಟರು ಪೊರೆ ಬಂದಿದೆ ಎಂದರು. ಸಣ್ಣ ಆಪರೇಷನ್ ಸಾಕಂತೆ. ಆಪರೇಷನ್ ದಿನ ಅವಳು ಒಳಗೆ ಹೋಗುವವರೆಗೂ ಅವನು ಗಟ್ಟಿಗನಾಗಿಯೇ ಇದ್ದ. ಬಾಗಿಲು ಮುಚ್ಚಿದ್ದೇ ತಡ, ಕರೆಂಟ್ ಹೋದ್ರೆ, ಡಾಕ್ಟರಿಗೆ ಸೀನು ಬಂದ್ರೆ, ಎಡಗಣ್ಣು ಅಂದುಕೊಂಡುಬಿಟ್ರೆ ಎಂದು ಭಾವಮೈದುನನ ಪ್ರಾಣ ಹಿಂಡಿದ. ಆತ ಭಾವನನ್ನು ಕೈ ಹಿಡಿದು ಕರೆದೊಯ್ದು ಕ್ಯಾಂಟೀನಿನಲ್ಲಿ ಕೂರಿಸಿ ಬಂದ.

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಬಂದ ಅಕ್ಕ ಮೊದಲು ಕೇಳಿದ್ದು, "ನಿನ್ನ ಭಾವ ಹೇಗಿದ್ದಾರೋ?"

"ಬದುಕಿದ್ದಾರೆ. ಮೂರು ಟೀ ಆಯ್ತು."

ಈಗ ಕಾಲು ಗಂಟೆಯಲ್ಲಿ ಮೊದಲ ಸರದಿ ಅವಳದು. ಅವಳಿಗೆ ಹೆಚ್ಚೇನೂ ಚಿಂತೆಗಳಿಲ್ಲ; ಇರುವವುಗಳಲ್ಲಿ ಮುಕ್ಕಾಲು ಪಾಲು ಗಂಡನ ಬಗ್ಗೆಯೇ. ಅವನು ಎದುರಿಗೆ ಕೂತು, ಬೇರೆ ಯಾರದೋ ಸಮಾಚಾರ ಕೇಳುವವನ ಹಾಗೆ, ತಲೆದೂಗುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ.