ಮೀಸೆ ತೆಗೆದ ಮೇಲೆ

ಆ ಕೋಣೆಯಲ್ಲಿ ದುಡಿದವರೇ ಹೇಳಬೇಕಾದ ಕತೆಯಿದು. ನಾನು ಹೇಳಹೊರಟದ್ದು ಅಧಿಕಪ್ರಸಂಗವಾದರೆ ಓದುವವರು ಕ್ಷಮಿಸಬೇಕು.

ತೀವ್ರ ನಿಗಾ ಘಟಕದ ಆ ನರ್ಸಿಗೆ ಒಂದು ಅಭ್ಯಾಸವಿತ್ತು. ಪ್ರಜ್ಞೆಯಿಲ್ಲದ ರೋಗಿಯನ್ನೂ ಹೇಳದೆ ಮುಟ್ಟುತ್ತಿರಲಿಲ್ಲ. ಆ ಬೆಳಿಗ್ಗೆ ಪ್ರಜ್ಞೆಯಿಲ್ಲದೆ ಮಲಗಿದ್ದ ಒಬ್ಬ ಬಸ್ ಡ್ರೈವರನ ಕಿವಿಯ ಬಳಿ ಬಾಗಿ, "ಅಣ್ಣಾ, ಬೇಜಾರು ಮಾಡ್ಕೋಬೇಡಿ, ಮೀಸೆ ತೆಗೀತಿದೀನಿ," ಎಂದಳು. ಉಸಿರಾಟದ ಕೊಳವೆಯನ್ನು ಬಾಯಿಗೆ ಬಿಗಿದ ಪಟ್ಟಿ ಆ ಪೊದೆಮೀಸೆಯ ಮೇಲೆ ನಿಲ್ಲದೆ ಜಾರುತ್ತಿತ್ತು. ಕೊಳವೆ ಕದಲಿದರೆ ಉಸಿರೇ ಹೋದಂತೆ.

"ಗೋಡೆಗೂ ಒಂದು ಮಾತು ಹೇಳ್ಬಿಡು, ಅದೂ ಬೇಜಾರು ಮಾಡ್ಕೊಂಡೀತು," ಎಂದಳು ಹಿರಿಯ ನರ್ಸು.

ರೋಗಿಗೆ ಹೇಳಿದವಳು ಅವನ ಹೆಂಡತಿಗೆ ಹೇಳುವುದನ್ನು ಮರೆತಳು.

ಇನ್ನು ಮಾಡುವುದೇನೂ ಉಳಿದಿಲ್ಲವೆಂದು ಹೇಳಿ ಡಾಕ್ಟರು ಹೆಂಡತಿಯನ್ನು ಒಳಗೆ ಕಳಿಸಿದರು. ಆಕೆ ಮಂಚದ ಬುಡದಲ್ಲಿ ನಿಂತು ಊದಿದ ಮುಖವನ್ನು, ಬೋಳು ಮೇಲ್ದುಟಿಯನ್ನು ನೋಡಿದಳು. ಆಕೆಯ ಮುಖ ಅರಳಿತು. "ಇವರು ನಮ್ಮವರಲ್ಲಮ್ಮ. ನಮ್ಮವರಿಗೆ ಇಷ್ಟು ದಪ್ಪ ಮೀಸೆ. ಯಾರೋ ಪಾಪ, ಬೇರೆಯವರು." ಹೋದ ಜೀವ ಬಂದಂತಾಗಿ, ಗಂಡನನ್ನು ಹುಡುಕುತ್ತ ಹೊರಗೆ ನಡೆದೇಬಿಟ್ಟಳು.

ನರ್ಸು ಹಿಂದೆಯೇ ಓಡಿದಳು. ಆ ಸಂತೋಷವನ್ನು ಬೆನ್ನಟ್ಟಿ ಹೋಗಿ ಕಿತ್ತುಕೊಳ್ಳಬೇಕಿತ್ತು. ಲಿಫ್ಟಿನ ಬಳಿ ಆಕೆಯ ತೋಳು ಹಿಡಿದಳು. "ಅಕ್ಕಾ, ಮೀಸೆ ನಾನೇ ತೆಗೆದದ್ದು."

"ಇಲ್ಲ," ಎಂದಳು ಆಕೆ. ತೋಳು ಬಿಡಿಸಿಕೊಂಡು, "ಎಡಗೈ ಹೆಬ್ಬೆರಳು ಸೊಟ್ಟಗಿದ್ಯಾ?"

"ಹೌದಕ್ಕಾ."

ಮರಳುವಷ್ಟರಲ್ಲಿ ಮಾನಿಟರಿನಲ್ಲಿ ಎದೆಬಡಿತದ ಗೆರೆ ತಗ್ಗುತ್ತಿತ್ತು. ನರ್ಸು ಯಂತ್ರದ ಕೂಗು ನಿಲ್ಲಿಸಿ ಅದನ್ನು ಗೋಡೆಯತ್ತ ತಿರುಗಿಸಿದಳು. ಕುರ್ಚಿ ಎಳೆದು ಆಕೆಯನ್ನು ಕೂರಿಸಿ, ಸೊಟ್ಟ ಹೆಬ್ಬೆರಳಿನ ಕೈಯನ್ನು ಆಕೆಯ ಅಂಗೈಯಲ್ಲಿಟ್ಟಳು. "ಮಾತಾಡಿ ಅಕ್ಕಾ. ಕಿವಿ ಹತ್ರ."

"ಕೇಳಿಸುತ್ತಾ?"

"ಮಾತಾಡಿ."

ಆಕೆ ಕಣ್ಣು ಮುಚ್ಚಿ ಬಾಗಿದಳು. "ಮದುವೆಯಾದಾಗಿಂದ ಬಡ್ಕೊಂಡೆ, ಚುಚ್ಚುತ್ತೆ ತೆಗೀರಿ ಅಂತ. ನನ್ನ ಮಾತಿಗೆ ಕವಡೆ ಕಿಮ್ಮತ್ತಿರಲಿಲ್ಲ. ಈ ಹುಡುಗಿ ಕೇಳಿದ್ಲು ಅಂತ ಕೊಟ್ಟೇಬಿಟ್ರಲ್ಲ." ಆ ಸೊಟ್ಟ ಹೆಬ್ಬೆರಳನ್ನು ಸವರಿದಳು. "ಗುರುತು ಹಿಡೀಲಿಲ್ಲ ರೀ. ತಪ್ಪಾಯ್ತು."

ಆ ತಪ್ಪು ನರ್ಸಿನದಾಗಿತ್ತು.

ಹಿರಿಯ ನರ್ಸು ಬಂದು ಮಾನಿಟರನ್ನು ಇಣುಕಿ ನೋಡಿದಳು. ಗೆರೆ ನೆಟ್ಟಗೆ ಮಲಗಿತ್ತು. ಯಾವಾಗ ಮಲಗಿತೆಂದು ನೋಡಿದವರಿಲ್ಲ. ಹೆಂಡತಿಯ ಮಾತು ಆ ಮನುಷ್ಯನಿಗೆ ತಲುಪಿತೋ ಇಲ್ಲವೋ, ನರ್ಸಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.