ಅರ್ಧ ಹೊಲಿದ ತೋಳು

ನೊಣ, ಖಾಕಿ ತೋಳಿನ ಮೇಲೊಂದು ನೊಣ, ತಂಗಿಯ ಮೆಷಿನ್ನಿನ ಸೂಜಿಯ ಪಕ್ಕದಲ್ಲೇ ಕೂತು ಕಾಲು ಉಜ್ಜುತ್ತಿದೆ, ಸೂಜಿ ಬಟ್ಟೆಯಲ್ಲಿ ಇಳಿದದ್ದು ಇಳಿದ ಹಾಗೇ ಇದೆ, ಮೊನ್ನೆ ಅವಳು ಕೆಮ್ಮುತ್ತಾ ಎದ್ದುಹೋದಾಗ ಹೇಗಿತ್ತೋ ಹಾಗೇ — ಅಕ್ಕಾ, ಯಾರೂ ಮುಟ್ಟದ ಹಾಗೆ ನೋಡ್ಕೋ, ಬಂದು ನಾನೇ ಮುಗಿಸ್ತೀನಿ — ನಮ್ಮ ಹೊಲಿಗೆ ಶೆಡ್ಡಿನಲ್ಲಿ ಇದೊಂದು ಕಟ್ಟುನಿಟ್ಟು, ಜ್ವರ ಬಂದು ಎದ್ದುಹೋದವಳ ಸೂಜಿಯ ಕೆಳಗಿನ ಬಟ್ಟೆಯನ್ನು ಇನ್ನೊಬ್ಬಳು ಮುಟ್ಟುವುದಿಲ್ಲ, ಮುಟ್ಟಿದರೆ ಅವಳು ಇನ್ನು ಬರುವುದಿಲ್ಲ ಎಂದು ನಾವೇ ಒಪ್ಪಿಕೊಂಡ ಹಾಗೆ. ಮೇಸ್ತ್ರಿಗೆ ಅದೆಲ್ಲ ಎಲ್ಲಿ ಅರ್ಥವಾಗಬೇಕು, ಯುದ್ಧ ನಡೀತಿದೆ ಕಣಮ್ಮ, ಸಿಪಾಯಿಗಳು ತೋಳಿಲ್ಲದ ಅಂಗಿ ಹಾಕ್ಕೊಂಡು ಹೋಗ್ಬೇಕಾ, ಬರೀ ನೆಗಡಿ ಅದು, ಪೇಪರಲ್ಲೂ ಒಂದಕ್ಷರ ಇಲ್ಲ — ಹೇಗಿರುತ್ತದೆ, ಪೇಪರಿನಲ್ಲಿ ದಿನಾ ನಾವು ಗೆಲ್ಲುತ್ತಿರುತ್ತೇವಲ್ಲ, ನೆಗಡಿಗೆ ಯಾರ ತುಟಿ ನೀಲಿಯಾಗುತ್ತದೆ, ನೆಗಡಿಗೆ ಯಾರು ಶಾಲೆ ಖಾಲಿ ಮಾಡಿಸಿ ಮಂಚ ಹಾಕಿಸುತ್ತಾರೆ, ತಂಗಿಯನ್ನು ಮಲಗಿಸಿರುವುದು ಅವಳು ಮಗ್ಗಿ ಕಲಿತ ಕೋಣೆಯಲ್ಲೇ, ಒಳಗೆ ಬಿಡಲಿಲ್ಲ, ಕಿಟಕಿಯಾಚೆ ನಿಂತು ಕೂಗಿದೆ, ಬಾಯಿ ಮುಚ್ಚು ಎಂದು ಸನ್ನೆ ಮಾಡಿದಳು, ಉಸಿರಿಗೆ ಒದ್ದಾಡುತ್ತಿದ್ದರೂ ಜಂಬಕ್ಕೇನೂ ಕಮ್ಮಿಯಿಲ್ಲ. ಬೆಲ್ಟ್ ಕೊಡು, ಮೇಸ್ತ್ರಿ ಮತ್ತೆ ಶುರು, ಅವಳ ಜಾಗಕ್ಕೆ ಹೊಸಬಳು ಬಂದು ನಿಂತಿದಾಳೆ. ಕೊಡಲ್ಲ. ತಂಗಿಯ ಮೆಷಿನ್ನಿನ ಚಕ್ರದಿಂದ ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡಿದ್ದೇನೆ, ಬೆಲ್ಟಿಲ್ಲದೆ ಅದು ಹೇಗೆ ತಿರುಗುತ್ತದೋ ತಿರುಗಲಿ, ಕೆಲಸದಿಂದ ತೆಗೀತೀನಿ ನೋಡು, ತೆಗೀರಿ, ಆಮೇಲೆ ನೀವೇ ಕೂತು ಹೊಲೀರಿ, ಹಿಂದಿನ ಸಾಲಿನಲ್ಲಿ ದೊಡ್ಡಮ್ಮ ಕಿಸಕ್ಕೆಂದಳು, ಯಾರಿಗೆ ದೊಡ್ಡಮ್ಮನೋ, ಇಲ್ಲಿ ಎಲ್ಲರಿಗೂ ದೊಡ್ಡಮ್ಮನೇ.

ಬಾಗಿಲಲ್ಲಿ ನಮ್ಮ ಚಿಕ್ಕಮ್ಮ, ಬೆಳಗ್ಗೆಯಿಂದ ಶಾಲೆಯ ಗೇಟಿನಲ್ಲಿ ಕಾದಿದ್ದವಳು, ಇಲ್ಲಿಗೇಕೆ ಬಂದಳು, ಕೈಯಲ್ಲಿ ತಂಗಿಯ ಚಪ್ಪಲಿ. ಮೇಸ್ತ್ರಿಯ ದನಿ ಮೆತ್ತಗಾಗಿದೆ, ಇನ್ನೇನಿದೆ ಬಿಡಮ್ಮ, ಈಗಲಾದ್ರೂ ಬೆಲ್ಟ್ ಕೊಡು — ಈಗಂತೂ ಕೊಡುವುದಿಲ್ಲ, ಅಳು ಆಮೇಲೆ, ಬರೀ ನೆಗಡಿ ಎಂದವರೆಲ್ಲ ಬಂದು ಈ ಸೂಜಿ ನೋಡಲಿ, ಹಿಂದೆ ಟಪ್ಪೆಂದು ಸದ್ದು, ದೊಡ್ಡಮ್ಮ ತನ್ನ ಚಕ್ರದ ಬೆಲ್ಟ್ ಕಿತ್ತಿದ್ದಾಳೆ, ಅವಳ ಪಕ್ಕದವಳೂ, ಆಚೆ ಸಾಲಿನವಳೂ, ಪೆಡಲ್ ಮೇಲಿನ ಕಾಲುಗಳೆಲ್ಲ ನಿಂತಿವೆ, ಈ ಶೆಡ್ಡು ಇಷ್ಟು ಸುಮ್ಮನಿದ್ದದ್ದು ನಾನು ಕಂಡೇ ಇಲ್ಲ, ಚಪ್ಪಲಿಯ ಕೆಸರು ಕೂಡ ಉದುರಿಲ್ಲ, ನೊಣ ಹಾರಿಹೋಗಿದೆ, ಸೂಜಿ ಇಳಿದದ್ದು ಇಳಿದ ಹಾಗೇ, ಬಂದು ನಾನೇ ಮುಗಿಸ್ತೀನಿ, ತೋಳು ಅರ್ಧ, ಸೂಜಿ ತೋಳಿನಲ್ಲಿ, ಸೂಜಿ —